ಕಟ್ ಆಗಿದೆ, ಬಂದಿಲ್ಲ

2025ರ ಏಪ್ರಿಲ್ 12, ಶನಿವಾರ. ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ದೇಶದ ಉದ್ದಗಲಕ್ಕೂ ಯುಪಿಐ ಪಾವತಿಗಳು ತೊಡರತೊಡಗಿದವು. ಸ್ಕ್ಯಾನ್ ಆಗುತ್ತಿತ್ತು, ಪಿನ್ ಒತ್ತಿದ್ದೂ ಆಗುತ್ತಿತ್ತು, ಆಮೇಲೆ ಪರದೆಯ ಮೇಲೆ ಚಕ್ರ ತಿರುಗಿ ತಿರುಗಿ ‘ಪೆಂಡಿಂಗ್’ ಎಂದು ನಿಲ್ಲುತ್ತಿತ್ತು. ಗಂಟೆಗಟ್ಟಲೆ ಇದೇ ಪಾಡು. ಅದರ ಹಿಂದಿನ ಮಾರ್ಚ್ ತಿಂಗಳೊಂದರಲ್ಲೇ ಯುಪಿಐ ಮೂಲಕ 1,830 ಕೋಟಿ ವಹಿವಾಟು ನಡೆದಿದ್ದವು. ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೂ ಸೆಕೆಂಡಿಗೆ ಸುಮಾರು 6,800. ಜೇಬಿನಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸವನ್ನೇ ಜನ ಬಿಟ್ಟಿದ್ದ ಹೊತ್ತಿನಲ್ಲಿ ಅಷ್ಟು ದೊಡ್ಡ ಹರಿವು ನಿಂತುಹೋಗಿತ್ತು.

ಆ ದಿನದ ಕಾರಣ ತಿಳಿದಾಗ, ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಅದು ತೀರಾ ಪರಿಚಿತವೆನಿಸಿತು. ಯುಪಿಐಯಲ್ಲಿ ‘ಚೆಕ್ ಟ್ರಾನ್ಸಾಕ್ಷನ್’ ಎಂಬ ಒಂದು ವಿಚಾರಣೆ ಇದೆ. ‘ನಾನು ಕಳಿಸಿದ ಆ ಪಾವತಿ ಏನಾಯಿತು?’ ಎಂದು ಬ್ಯಾಂಕಿನ ಕಂಪ್ಯೂಟರು ನಡುವಿನ ಕಂಪ್ಯೂಟರನ್ನು, ಅಂದರೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಸ್ವಿಚ್ಚನ್ನು ಕೇಳುವ ದಾರಿ ಅದು. ಕೆಲವು ಬ್ಯಾಂಕುಗಳ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ, ಹಳೆಯ ವಹಿವಾಟುಗಳ ಬಗ್ಗೆಯೂ ಸೇರಿ, ಲೆಕ್ಕವಿಲ್ಲದಷ್ಟು ಬಂತು. ಉತ್ತರ ಕೊಡುವುದರಲ್ಲೇ ಸ್ವಿಚ್ಚು ಸುಸ್ತಾಯಿತು. ಹೊಸ ಪಾವತಿಗಳು ನಿಧಾನವಾದವು. ನಿಧಾನವಾದ ಪ್ರತಿ ಪಾವತಿಯ ಬಗ್ಗೆಯೂ ಇನ್ನೊಂದಷ್ಟು ವಿಚಾರಣೆ ಹುಟ್ಟಿತು.

ಹಣ ಸಾಗಿಸುವ ಕೆಲಸ ವ್ಯವಸ್ಥೆಯನ್ನು ಬೀಳಿಸಲಿಲ್ಲ, ‘ಏನಾಯಿತು’ ಎಂಬ ಪ್ರಶ್ನೆ ಬೀಳಿಸಿತು. ಹಲವರು ಸೇರಿ ನಡೆಸುವ ಸಾಫ್ಟ್‌ವೇರ್ ಸೇವೆಯ ಗುಣಮಟ್ಟದ ಬಗ್ಗೆ ನಾನು ಹೇಳಬೇಕೆಂದಿರುವುದೆಲ್ಲ ಈ ಘಟನೆಯಲ್ಲಿದೆ. ಎಲ್ಲ ಸರಿಯಿದ್ದಾಗ ಚೆನ್ನಾಗಿ ನಡೆಯುವ ವ್ಯವಸ್ಥೆಯನ್ನು ಕಟ್ಟುವುದು ಈಗ ಅಷ್ಟೇನೂ ಕಷ್ಟವಲ್ಲ. ಪಕ್ಕದವನಿಂದ ಉತ್ತರ ಬಾರದೆ ಇದ್ದಾಗ, ಏನಾಗಿದೆ ಎಂದು ಗೊತ್ತೇ ಇಲ್ಲದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ಅದರ ಗುಣ ತಿಳಿಯುತ್ತದೆ.

ಬಸವನಗುಡಿಯ ಯಾವುದೋ ದರ್ಶಿನಿಯಲ್ಲಿ ಇಡ್ಲಿ ವಡೆಗೆ 60 ರೂಪಾಯಿ ಕೊಡಬೇಕೆನ್ನಿ. ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತುತ್ತೀರಿ. ಆ ಪಿನ್ ಫೋನಿನಲ್ಲೇ ಗೂಢಲಿಪಿಯಾಗುತ್ತದೆ, ಆ್ಯಪ್‌ಗೂ ಅದು ಕಾಣುವುದಿಲ್ಲ. ಆ್ಯಪ್ ತನ್ನ ಜೊತೆಗಾರ ಬ್ಯಾಂಕಿಗೆ ಕೋರಿಕೆ ಕಳಿಸುತ್ತದೆ. ಆ ಬ್ಯಾಂಕು ಎನ್‌ಪಿಸಿಐ ಸ್ವಿಚ್ಚಿಗೆ ದಾಟಿಸುತ್ತದೆ. ಸ್ವಿಚ್ಚು ಹೋಟೆಲಿನವರ ಯುಪಿಐ ವಿಳಾಸ ಯಾವ ಖಾತೆಯದು ಎಂದು ಅವರ ಆ್ಯಪಿನ ಬ್ಯಾಂಕನ್ನು ವಿಚಾರಿಸಿಕೊಳ್ಳುತ್ತದೆ. ನಂತರ ನಿಮ್ಮ ಖಾತೆಯಿರುವ ಬ್ಯಾಂಕಿಗೆ ‘60 ರೂಪಾಯಿ ತೆಗೆ’ ಎನ್ನುತ್ತದೆ. ಅದು ಪಿನ್ ಪರೀಕ್ಷಿಸಿ, ಬ್ಯಾಲೆನ್ಸ್ ನೋಡಿ, ತೆಗೆದು, ‘ಆಯಿತು’ ಎಂದ ಮೇಲೆ ಹೋಟೆಲಿನವರ ಬ್ಯಾಂಕಿಗೆ ‘60 ರೂಪಾಯಿ ಹಾಕು’ ಎನ್ನುತ್ತದೆ. ಆ ಉತ್ತರ ಬಂದ ಮೇಲೆ ಎರಡೂ ಕಡೆಗೆ ಸುದ್ದಿ. ಕೊನೆಗೆ ಕ್ಯಾಷ್ ಕೌಂಟರಿನ ಸೌಂಡ್ ಬಾಕ್ಸ್ ಕೂಗುತ್ತದೆ.

ಆ್ಯಪ್ ಒಂದು ಕಂಪನಿಯದು, ಸ್ವಿಚ್ಚು ಇನ್ನೊಂದು ಸಂಸ್ಥೆಯದು, ಬ್ಯಾಂಕುಗಳು ಮೂರೋ ನಾಲ್ಕೋ, ಎಲ್ಲರ ನಡುವೆ ಟೆಲಿಕಾಂ ಕಂಪನಿಗಳ ತಂತಿ. ಒಬ್ಬರ ಕಂಪ್ಯೂಟರ್ ಒಳಗೆ ಏನು ನಡೆಯುತ್ತಿದೆ ಎಂದು ಇನ್ನೊಬ್ಬರಿಗೆ ಕಾಣದು. 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಮ್ ರಾಜನ್ ಮುಂಬೈಯಲ್ಲಿ ಯುಪಿಐಗೆ ಚಾಲನೆ ಕೊಟ್ಟಾಗ ಜೊತೆಗಿದ್ದದ್ದು 21 ಬ್ಯಾಂಕುಗಳು. ಈಗ ಆ ಸಂಖ್ಯೆ ನೂರುಗಳಲ್ಲಿದೆ. ಕೆಲವು ಬ್ಯಾಂಕುಗಳ, ಖಾತೆಗಳ ಲೆಕ್ಕವಿಡುವ ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರ್ ರೂಪುಗೊಂಡದ್ದು ಶಾಖೆಯ ಕೌಂಟರಿನಲ್ಲಿ ಚಲನ್ ಬರೆದು ಹಣ ಕಟ್ಟುತ್ತಿದ್ದ ಕಾಲದಲ್ಲಿ. ಅದರ ಮೇಲೆಯೇ ಈಗ ಎಳನೀರು, ಹೂವು, ಪಾನಿಪುರಿಯ ಹತ್ತು ಇಪ್ಪತ್ತು ರೂಪಾಯಿಗಳ ಲೆಕ್ಕವೂ ಬೀಳುತ್ತಿದೆ.

ಈ ಸರಪಣಿಯ ಗಣಿತ ಕಟುವಾದದ್ದು. ಒಂದು ಸೇವೆ ಶೇ 99.9ರಷ್ಟು ಹೊತ್ತು ಸರಿಯಾಗಿರುತ್ತದೆ ಎಂದರೆ ಕೇಳಲು ಚೆನ್ನಾಗಿದೆ; ವರ್ಷಕ್ಕೆ ಒಂಬತ್ತು ಗಂಟೆಗಿಂತ ಕಡಿಮೆ ತೊಂದರೆ. ಅಂಥ ಐದು ಸೇವೆಗಳು ಒಂದರ ಹಿಂದೊಂದು ನಿಂತು, ಐದೂ ಸರಿಯಿದ್ದರೆ ಮಾತ್ರ ಕೆಲಸ ಆಗುವುದಾದರೆ ಒಟ್ಟು ಭರವಸೆ ಶೇ 99.5ಕ್ಕೆ ಇಳಿಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 44 ಗಂಟೆ. ಐವರೂ ತಮ್ಮ ತಮ್ಮ ವರದಿಯಲ್ಲಿ ‘ಗುರಿ ಮುಟ್ಟಿದ್ದೇವೆ’ ಎಂದು ಬರೆಯಬಹುದು, ಅದು ನಿಜವೂ ಹೌದು. ಆ 44 ಗಂಟೆಗೆ ಹೊಣೆ ಯಾರು ಎಂದರೆ ಯಾರ ವರದಿಯಲ್ಲೂ ಸಿಗುವುದಿಲ್ಲ.

ಸಂಜೆ ಹೊತ್ತು ತರಕಾರಿ ಮಾರುಕಟ್ಟೆಗೆ ಹೋಗುವವರು ಕೆಳಗಿನ ಮಾತುಕತೆಯನ್ನು ಕೇಳದೇ ಇರಲಾರರು.

‘ಅಮ್ಮ, ನೋಡಿ, ಅಕೌಂಟಿಂದ ಕಟ್ ಆಗಿದೆ. ಮೆಸೇಜೂ ಬಂದಿದೆ.’

‘ನಂಗೆ ಬಂದಿಲ್ಲ ಕಣಪ್ಪ. ಬಾಕ್ಸು ಕೂಗ್ಲಿಲ್ಲ.’

‘ಬರುತ್ತಮ್ಮ, ಒಂದೊಂದು ಸಲ ಲೇಟಾಗುತ್ತೆ.’

‘ಬೆಳಗ್ಗೆನೂ ಒಬ್ರು ಹಂಗೇ ಅಂದು ಹೋದ್ರು.’

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಡುವೆ ಎಲ್ಲೋ ಒಂದು ಉತ್ತರ ಕಳೆದುಹೋಗಿದೆ, ಅಥವಾ ಇನ್ನೂ ದಾರಿಯಲ್ಲಿದೆ. ಒಂದೇ ಕಂಪ್ಯೂಟರಿನೊಳಗೆ ನಡೆಯುವ ಕೆಲಸಕ್ಕೆ ಎರಡೇ ಗತಿ: ಆಯಿತು, ಇಲ್ಲವೆ ಆಗಲಿಲ್ಲ. ಎರಡು ಕಂಪ್ಯೂಟರುಗಳ ನಡುವಿನ ಕೆಲಸಕ್ಕೆ ‘ಗೊತ್ತಿಲ್ಲ’ ಎಂಬ ಮೂರನೆಯ ಗತಿ ಇದೆ. ಉತ್ತರ ಬರಲಿಲ್ಲವೆಂದರೆ ನಮ್ಮ ಕೋರಿಕೆಯೇ ತಲುಪಲಿಲ್ಲವೋ, ತಲುಪಿ ಕೆಲಸ ಮುಗಿದು ಉತ್ತರ ಮಾತ್ರ ಕಳೆಯಿತೋ, ಕೆಲಸ ಇನ್ನೂ ನಡೆಯುತ್ತಿದೆಯೋ ಹೇಳಲಾಗದು. ಭರವಸೆಯಿಲ್ಲದ ಸಂಪರ್ಕದ ಎರಡು ತುದಿಯಲ್ಲಿರುವವರು ಎಷ್ಟೇ ಸಂದೇಶ ಬದಲಾಯಿಸಿಕೊಂಡರೂ ಪೂರ್ಣ ಖಚಿತವಾದ ಒಮ್ಮತಕ್ಕೆ ಬರಲಾರರು ಎಂಬುದನ್ನು ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಎಷ್ಟು ಹಣ ಸುರಿದರೂ, ಎಷ್ಟು ಒಳ್ಳೆಯ ಎಂಜಿನಿಯರುಗಳನ್ನು ಕೂರಿಸಿದರೂ ಈ ಮೂರನೆಯ ಗತಿಯನ್ನು ಇಲ್ಲವಾಗಿಸಲಾಗದು. ಅದನ್ನು ಒಪ್ಪಿಕೊಂಡು ವಿನ್ಯಾಸ ಮಾಡಬೇಕು.

ಮೊದಲ ಉಪಾಯ, ಒಂದೇ ಕೋರಿಕೆ ಎರಡು ಸಲ ಬಂದರೂ ಕೆಲಸ ಒಂದೇ ಸಲ ಆಗುವಂತೆ ನೋಡಿಕೊಳ್ಳುವುದು. ಪ್ರತಿ ಪಾವತಿಗೂ ಹುಟ್ಟುವಾಗಲೇ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ಬ್ಯಾಂಕು ಇನ್ನೊಮ್ಮೆ ಹಣ ತೆಗೆಯದೆ ‘ಇದು ಆಗಲೇ ಆಗಿದೆ’ ಎಂಬ ಹಳೆಯ ಉತ್ತರವನ್ನೇ ಮರಳಿಸಬೇಕು. ಹೀಗೆ ಕಟ್ಟಿದ ಸೇವೆಯನ್ನು ಧೈರ್ಯವಾಗಿ ಎರಡನೇ ಸಲ ಕೇಳಬಹುದು. ಈ ಒಂದು ಶಿಸ್ತು ಇಲ್ಲದ ವ್ಯವಸ್ಥೆಯನ್ನು ಎಷ್ಟು ಪರೀಕ್ಷಿಸಿದರೂ ಅದು ಅಪಾಯಕಾರಿಯೇ ಎಂದು ನಾನು ನಂಬಿದ್ದೇನೆ.

ಎರಡನೆಯದು, ಅರ್ಧದಲ್ಲಿ ನಿಂತ ಕೆಲಸವನ್ನು ಹಿಂದಕ್ಕೆ ತರುವ ದಾರಿ. ಎರಡು ಬ್ಯಾಂಕುಗಳ ಖಾತೆಪುಸ್ತಕಗಳಿಗೆ ಏಕಕಾಲದಲ್ಲಿ ಬೀಗ ಹಾಕಿ, ಎರಡರಲ್ಲೂ ಬರೆದು, ಒಟ್ಟಿಗೆ ಬೀಗ ತೆಗೆಯುವುದು ಇಷ್ಟು ದೊಡ್ಡ ಪ್ರಮಾಣದಲ್ಲಿ ಆಗದ ಮಾತು. 1987ರಲ್ಲಿ ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ ಎಂಬ ಸಂಶೋಧಕರು ಬೇರೆ ದಾರಿ ಸೂಚಿಸಿದರು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಿರಿ. ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸುವ ಮರುಹೆಜ್ಜೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಿಮ್ಮ ಖಾತೆಯಿಂದ ತೆಗೆದ ಹಣ ಆ ಕಡೆ ಸೇರದಿದ್ದರೆ ಹಿಂದಕ್ಕೆ ಜಮಾ ಆಗುವುದು ಇಂಥ ಮರುಹೆಜ್ಜೆ. ಇದಕ್ಕೆ ಗಡುವು ಹಾಕಿದ್ದು ಮಾತ್ರ ಸಾಫ್ಟ್‌ವೇರಿನವರಲ್ಲ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿತು: ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಕಟ್ ಆಗಿ ಆ ಕಡೆ ಸೇರದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ಹಿಂದಿರುಗಬೇಕು, ತಪ್ಪಿದರೆ ಗ್ರಾಹಕ ದೂರು ಕೊಡಲಿ ಬಿಡಲಿ, ದಿನಕ್ಕೆ 100 ರೂಪಾಯಿ ಪರಿಹಾರ. ಒಳ್ಳೆಯ ನಿಯಮವೂ ವ್ಯವಸ್ಥೆಯ ವಿನ್ಯಾಸದ ಭಾಗವೇ. ಕೋಡ್ ಬರೆಯುವವರು ಇದನ್ನು ಕಾನೂನು ವಿಭಾಗದ ಕೆಲಸ ಎಂದು ಬಿಡಬಾರದು.

ಇನ್ನು ನಿಧಾನದ ವಿಷಯ. ಸತ್ತ ಸೇವೆಗಿಂತ ನಿಧಾನವಾದ ಸೇವೆ ಹೆಚ್ಚು ಹಾನಿ ಮಾಡುತ್ತದೆ. ಪೂರ್ತಿ ನಿಂತುಹೋದದ್ದು ತಕ್ಷಣ ‘ಇಲ್ಲ’ ಎನ್ನುತ್ತದೆ, ಕೇಳಿದವರು ಬೇರೆ ದಾರಿ ನೋಡಿಕೊಳ್ಳಬಹುದು. ನಿಧಾನವಾದದ್ದು ಕಾಯಿಸುತ್ತದೆ. ಒಂದು ಬ್ಯಾಂಕು ಒಂದು ಸೆಕೆಂಡಿನ ಬದಲು ಮೂವತ್ತು ಸೆಕೆಂಡು ತೆಗೆದುಕೊಂಡರೆ ಅದಕ್ಕಾಗಿ ಕಾಯುತ್ತಿರುವ ಕೋರಿಕೆಗಳು ಸ್ವಿಚ್ಚಿನಲ್ಲಿ ಮೂವತ್ತು ಪಟ್ಟು ಜಾಗ ಹಿಡಿದು ಕೂರುತ್ತವೆ. ಆ ಬ್ಯಾಂಕಿಗೆ ಸಂಬಂಧವೇ ಇಲ್ಲದವರ ಪಾವತಿಗೂ ಜಾಗ ಸಿಗದೆ ಹೋಗುತ್ತದೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರ ಪ್ರಸಿದ್ಧ ಲೇಖನವೊಂದರಲ್ಲಿ ಇದರ ಇನ್ನೊಂದು ಮುಖ ತೋರಿಸಿದ್ದರು. ನೂರು ಸಲ ಕೇಳಿದರೆ ಒಂದು ಸಲ ಮಾತ್ರ ನಿಧಾನಿಸುವ ಯಂತ್ರಗಳು ನಿಮ್ಮಲ್ಲಿವೆ ಎನ್ನೋಣ. ಒಂದು ಕೆಲಸಕ್ಕೆ ಅಂಥ ನೂರು ಯಂತ್ರಗಳ ಉತ್ತರ ಬೇಕಾದರೆ ನೂರರಲ್ಲಿ 63 ಬಳಕೆದಾರರಿಗೆ ನಿಧಾನದ ಅನುಭವವಾಗುತ್ತದೆ. ಬಿಡಿ ಬಿಡಿಯಾಗಿ ನೋಡಿದರೆ ಎಲ್ಲ ಯಂತ್ರವೂ ಚೆನ್ನಾಗಿದೆ.

ಆದ್ದರಿಂದ ಎಷ್ಟು ಹೊತ್ತು ಕಾಯಬೇಕು ಎಂಬ ಟೈಮ್‌ಔಟ್ ಸಂಖ್ಯೆ ಇಡೀ ವಿನ್ಯಾಸದ ಮುಖ್ಯ ನಿರ್ಧಾರಗಳಲ್ಲೊಂದು. ಏಪ್ರಿಲ್ ಘಟನೆಯ ನಂತರದ ವಾರಗಳಲ್ಲಿ ಎನ್‌ಪಿಸಿಐ ಹೊರಡಿಸಿದ ಸುತ್ತೋಲೆಗಳನ್ನು ನೋಡಿದರೆ ಇದು ತಿಳಿಯುತ್ತದೆ. ಪಾವತಿಯ ಸ್ಥಿತಿ ಕೇಳಿದಾಗ ಉತ್ತರಿಸಲು ಇದ್ದ 30 ಸೆಕೆಂಡಿನ ಅವಕಾಶ 10 ಸೆಕೆಂಡಿಗೆ ಇಳಿಯಿತು. ಒಂದು ಪಾವತಿಯ ಸ್ಥಿತಿಯನ್ನು ಹೆಚ್ಚೆಂದರೆ ಮೂರು ಸಲ, ನಡುವೆ ಬಿಡುವು ಕೊಟ್ಟು ಕೇಳಬೇಕು ಎಂದಾಯಿತು. ಆ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ. ಕಂತು, ಒಟಿಟಿ ಚಂದಾಗಳಂಥ ತಾನಾಗಿ ಕಡಿತವಾಗುವ ಪಾವತಿಗಳು ದಟ್ಟಣೆಯ ಹೊತ್ತು ಬಿಟ್ಟು ಬೇರೆ ವೇಳೆಗೆ ಸರಿದವು. ‘ಬ್ಯಾಲೆನ್ಸ್ ನೋಡಲೂ ಲೆಕ್ಕವೇ’ ಎಂದು ಜನ ಬೇಸರಪಟ್ಟರು. ಆದರೆ ಹಣ ಕೊಡುವ ದಾರಿ ತೆರೆದಿರಬೇಕಾದರೆ ಬರೀ ವಿಚಾರಿಸುವವರನ್ನು ಸ್ವಲ್ಪ ತಡೆಯಲೇಬೇಕು. ಈ ತಡೆ ಸುತ್ತೋಲೆಯಲ್ಲಿದ್ದರೆ ಸಾಲದು, ಸ್ವಿಚ್ಚಿನ ಬಾಗಿಲಲ್ಲೇ ಇರಬೇಕು. ಎದುರಿನವರು ಶಿಸ್ತಿನಿಂದ ಇರುತ್ತಾರೆ ಎಂದು ನಂಬಿ ಕಟ್ಟಿದ ಸೇವೆ ಒಂದಲ್ಲ ಒಂದು ಶನಿವಾರ ಮಲಗುತ್ತದೆ.

ಮತ್ತೆ ಕೇಳುವುದಕ್ಕೂ ಒಂದು ರೀತಿಯಿದೆ. ಮೊದಲ ಸಲ ಒಂದು ಸೆಕೆಂಡು, ಆಮೇಲೆ ಎರಡು, ನಾಲ್ಕು, ಎಂಟು ಎಂದು ಬಿಡುವು ಹೆಚ್ಚಿಸುತ್ತ ಹೋಗಬೇಕು. ಎಲ್ಲರೂ ಒಂದೇ ಲೆಕ್ಕ ಹಿಡಿದರೆ ಎಲ್ಲರೂ ಒಂದೇ ಕ್ಷಣಕ್ಕೆ ಬಂದು ನುಗ್ಗುತ್ತಾರೆ, ಆದ್ದರಿಂದ ಪ್ರತಿಯೊಬ್ಬರೂ ಬಿಡುವನ್ನು ಸ್ವಲ್ಪ ಹಿಂದುಮುಂದು ಮಾಡಿಕೊಳ್ಳಬೇಕು. ಎದುರಿನ ಸೇವೆ ಸತತವಾಗಿ ಸೋಲುತ್ತಿದ್ದರೆ ಕೇಳುವುದನ್ನೇ ನಿಲ್ಲಿಸುವ ‘ಸರ್ಕಿಟ್ ಬ್ರೇಕರ್’ ಬೇಕು. ಮೈಕೆಲ್ ನೈಗಾರ್ಡ್ 2007ರಲ್ಲಿ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ ಮೇಲೆ ಅದು ಎಲ್ಲೆಡೆ ಬಳಕೆಗೆ ಬಂತು. ಮನೆಯ ಮೀಟರ್ ಬೋರ್ಡಿನ ಎಂಸಿಬಿ ಗೀಸರಿನ ದೋಷಕ್ಕೆ ಇಡೀ ಮನೆಯ ವೈರಿಂಗ್ ಸುಡದಂತೆ ಬೀಳುತ್ತದಲ್ಲ, ಹಾಗೆ. ಒಂದು ವ್ಯತ್ಯಾಸವೆಂದರೆ ಇದು ಸ್ವಲ್ಪ ಹೊತ್ತಿನ ನಂತರ ತಾನೇ ಒಂದೆರಡು ಕೋರಿಕೆ ಕಳಿಸಿ ನೋಡಿ, ಸರಿಯಿದ್ದರೆ ಮತ್ತೆ ಏಳುತ್ತದೆ.

ಏನನ್ನು ಕೈಬಿಡಬಹುದು ಎಂಬುದನ್ನೂ ಮೊದಲೇ ತೀರ್ಮಾನಿಸಿರಬೇಕು. ಇದಕ್ಕೆ ನನಗೆ ಹೊಳೆಯುವ ಅತ್ಯುತ್ತಮ ಉದಾಹರಣೆ ಕ್ರಿಕೆಟ್ಟಿನದು. 2019ರ ಜುಲೈ 10, ಮ್ಯಾಂಚೆಸ್ಟರ್‌ನಲ್ಲಿ ವಿಶ್ವಕಪ್ ಸೆಮಿಫೈನಲ್. ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡುತ್ತಿದ್ದರು. ಎದುರಾಳಿ ತಂಡದ ಗಪ್ಟಿಲ್ ಎಸೆದ ಚೆಂಡು ವಿಕೆಟ್ಟಿಗೆ ಬಿತ್ತು, ಧೋನಿ ಔಟ್. ನಮಗೆಲ್ಲ ಎದೆ ಒಡೆದ ಆ ಗಳಿಗೆ ಎಂಜಿನಿಯರುಗಳಿಗೆ ಬೇರೆ ಕಾರಣಕ್ಕೆ ಭಯದ್ದು. ಜನ ಆ್ಯಪ್ ಮುಚ್ಚುವುದಿಲ್ಲ, ‘ಬ್ಯಾಕ್’ ಒತ್ತುತ್ತಾರೆ. ಆಗ ಕೋಟಿಗಟ್ಟಲೆ ಜನ ಒಮ್ಮೆಲೇ ಮುಖಪುಟಕ್ಕೆ ಬಂದು ಬೀಳುತ್ತಾರೆ. ಮುಖಪುಟವೆಂದರೆ ವಿಡಿಯೊ ಹರಿಸುವಷ್ಟು ಸರಳವಲ್ಲ. ನೀವು ಹಿಂದೆ ಏನು ನೋಡಿದ್ದಿರಿ, ಮುಂದೆ ಏನು ತೋರಿಸಬೇಕು ಎಂದು ಹತ್ತಾರು ಸೇವೆಗಳನ್ನು ಕೇಳುವ ಪುಟ ಅದು. ಆ ತಂಡ ಇದನ್ನು ಮೊದಲೇ ಊಹಿಸಿತ್ತು. ಒತ್ತಡ ಏರಿದರೆ ವೈಯಕ್ತಿಕ ಶಿಫಾರಸುಗಳಂಥ ಸೇವೆಗಳನ್ನು ಆರಿಸಿ, ಆಟದ ನೇರ ಪ್ರಸಾರವನ್ನು ಮಾತ್ರ ಉಳಿಸಿಕೊಳ್ಳುವ ವ್ಯವಸ್ಥೆ ಇಟ್ಟುಕೊಂಡಿತ್ತು. ಟೂರ್ನಿಗೆ ಮುಂಚೆಯೇ ಕೃತಕ ದಟ್ಟಣೆ ಸೃಷ್ಟಿಸಿ ತನ್ನನ್ನು ತಾನೇ ಬಡಿದು ನೋಡಿಕೊಂಡಿತ್ತು.

ಕೇಳುವುದನ್ನೇ ತಪ್ಪಿಸಿದರೆ ಇನ್ನೂ ಒಳ್ಳೆಯದು. 2022ರ ಸೆಪ್ಟೆಂಬರಿನಲ್ಲಿ ಬಂದ ಯುಪಿಐ ಲೈಟ್ ಅಂಥದ್ದು. ಸ್ವಲ್ಪ ಹಣವನ್ನು ಮೊದಲೇ ಫೋನಿನ ಲೈಟ್ ಖಾತೆಗೆ ತುಂಬಿಟ್ಟುಕೊಂಡರೆ ಸಣ್ಣ ಪಾವತಿಗೆ ಪಿನ್ ಬೇಡ, ಪ್ರತಿ ಸಲ ಬ್ಯಾಂಕಿನ ಕೋರ್ ಬ್ಯಾಂಕಿಂಗ್ ಬಾಗಿಲು ತಟ್ಟುವುದೂ ಬೇಡ. ಮೊದಲು ಒಂದು ಪಾವತಿಗೆ 200 ರೂಪಾಯಿ ಇದ್ದ ಮಿತಿ ಈಗ 1,000. ಎಳನೀರಿನ ಲೆಕ್ಕಕ್ಕೆ ಬ್ಯಾಂಕಿನ ದೊಡ್ಡ ಖಾತೆಪುಸ್ತಕವನ್ನು ಏಕೆ ತೆರೆಸಬೇಕು ಎಂಬ ಸರಳ ಪ್ರಶ್ನೆಯಿಂದ ಹುಟ್ಟಿದ ಇದು ಯುಪಿಐಯ ಅತ್ಯಂತ ಜಾಣ ವಿನ್ಯಾಸಗಳಲ್ಲೊಂದು. ಇದನ್ನು ಬಳಸುವವರು ಇನ್ನೂ ಹೆಚ್ಚಬೇಕು.

ಕೆಲವು ಅಪಾಯಗಳು ಕೋಡಿನೊಳಗೆ ಇರುವುದೇ ಇಲ್ಲ. 2020ರ ಮಾರ್ಚ್ 5ರ ಸಂಜೆ ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಬೆಂಗಳೂರಿನ ಫೋನ್‌ಪೇ ಆಗ ಯುಪಿಐಗೆ ಆ ಒಂದೇ ಬ್ಯಾಂಕನ್ನು ನೆಚ್ಚಿತ್ತು. ಒಂದು ಸಾಲು ಕೋಡ್ ಕೆಡದೆ, ಒಂದು ಸರ್ವರ್ ಬೀಳದೆ ಕೋಟ್ಯಂತರ ಜನರ ಆ್ಯಪ್ ನಿಂತಿತು. ಬೇರೆ ಬ್ಯಾಂಕಿನ ಜೊತೆ ಜೋಡಿಸಿಕೊಂಡು ಸುಮಾರು ಒಂದು ದಿನದಲ್ಲಿ ಎದ್ದು ನಿಂತದ್ದು ಆ ಎಂಜಿನಿಯರುಗಳ ದೊಡ್ಡ ಸಾಹಸ. ದೊಡ್ಡ ಆ್ಯಪುಗಳು ಒಂದಕ್ಕಿಂತ ಹೆಚ್ಚು ಬ್ಯಾಂಕುಗಳ ಜೊತೆ ನಡೆಯುವುದು ಆಮೇಲೆ ಸಾಮಾನ್ಯವಾಯಿತು.

ಇಷ್ಟಾದ ಮೇಲೆ ಟೆಸ್ಟಿಂಗ್ ಎಂದರೇನು? ಪ್ರತಿ ತಂಡ ತನ್ನ ಭಾಗವನ್ನು ಪರೀಕ್ಷಿಸುತ್ತದೆ, ಹಸಿರು ಟಿಕ್ ಬೀಳುತ್ತದೆ. ಕೆಡುವುದು ಎರಡು ತಂಡಗಳ ನಡುವಿನ ಒಪ್ಪಂದ. 1999ರಲ್ಲಿ ನಾಸಾದ ಮಂಗಳ ಕಕ್ಷೆಗಾಮಿ ನಾಶವಾದದ್ದು ಒಂದು ತಂಡದ ಸಾಫ್ಟ್‌ವೇರು ಪೌಂಡ್ ಲೆಕ್ಕದಲ್ಲಿ ಕಳಿಸಿದ್ದನ್ನು ಇನ್ನೊಂದು ತಂಡದ್ದು ನ್ಯೂಟನ್ ಲೆಕ್ಕವೆಂದು ಓದಿದ್ದರಿಂದ. ಆದ್ದರಿಂದ ‘ನಾನು ಇದನ್ನು ಹೀಗೆ ಕೇಳುತ್ತೇನೆ, ನೀನು ಹೀಗೆ ಉತ್ತರಿಸಬೇಕು’ ಎಂಬ ಕರಾರನ್ನೇ ಪರೀಕ್ಷೆಯಾಗಿ ಬರೆದು, ಯಾರು ಯಾವ ಬದಲಾವಣೆ ಮಾಡಿದರೂ ಅದನ್ನು ಮತ್ತೆ ಓಡಿಸಬೇಕು. ಜೊತೆಗೆ ಬೇಕೆಂದೇ ಕೆಡಿಸಿ ನೋಡಬೇಕು. 2008ರಲ್ಲಿ ಡೇಟಾಬೇಸ್ ಕೆಟ್ಟು ಮೂರು ದಿನ ಡಿವಿಡಿ ಕಳಿಸಲಾಗದೆ ನರಳಿದ ನೆಟ್‌ಫ್ಲಿಕ್ಸ್, ಮುಂದೆ ತನ್ನ ಚಾಲ್ತಿ ಸರ್ವರುಗಳನ್ನೇ ಕಂಡಕಂಡಲ್ಲಿ ಆರಿಸುವ ‘ಕೇಯಾಸ್ ಮಂಕಿ’ ಎಂಬ ತಂತ್ರಾಂಶ ಬರೆದು, ಅದನ್ನು ಎಂಜಿನಿಯರುಗಳು ಕಚೇರಿಯಲ್ಲಿರುವ ಹೊತ್ತಿನಲ್ಲೇ ಓಡಿಸಿತು. ಸರ್ವರನ್ನು ಆರಿಸಿ ನೋಡುವುದಕ್ಕಿಂತ ಅದನ್ನು ನಿಧಾನ ಮಾಡಿ ನೋಡುವುದು ಹೆಚ್ಚು ಕಲಿಸುತ್ತದೆ ಎಂದು ನಾನು ಸೇರಿಸುತ್ತೇನೆ. ಎಷ್ಟೋ ಕಡೆ ‘ಬ್ಯಾಂಕು ಉತ್ತರಿಸಲಿಲ್ಲ’ ಎಂಬ ಪರೀಕ್ಷೆ ಇರುತ್ತದೆ, ‘ಬ್ಯಾಂಕು ಇಪ್ಪತ್ತೊಂಬತ್ತನೇ ಸೆಕೆಂಡಿಗೆ ಉತ್ತರಿಸಿತು’ ಎಂಬುದು ಇರುವುದಿಲ್ಲ.

ಎಲ್ಲದರ ಕೊನೆಯಲ್ಲಿರುವುದು ಆ ಪೆಂಡಿಂಗ್ ಪರದೆ. ತಂಡಗಳು ‘ಯಶಸ್ವಿ’ ಎಂಬ ಹಸಿರು ಪರದೆಗೆ ಬಣ್ಣ, ಸದ್ದು, ಆನಿಮೇಷನ್ ಎಲ್ಲ ಕೊಡುತ್ತವೆ. ಪೆಂಡಿಂಗ್‌ಗೆ ಒಂದು ಹಳದಿ ಗುರುತು, ‘ದಯವಿಟ್ಟು ಕಾಯಿರಿ’ ಎಂಬ ಸಾಲು. ತರಕಾರಿಯ ಅಮ್ಮನಿಗೂ ಗಿರಾಕಿಗೂ ಜಗಳವಾಗುವುದು ಈ ಪರದೆಯ ಮುಂದೆ. ಅಲ್ಲಿ ಮೂರು ಮಾತು ಇರಬೇಕು: ‘ನಿಮ್ಮ ಖಾತೆಯಿಂದ 60 ರೂಪಾಯಿ ಕಟ್ ಆಗಿದೆ, ಅಂಗಡಿಯವರಿಗೆ ಇನ್ನೂ ಸೇರಿಲ್ಲ. ತಡವಾಗಿರುವುದು ಇಂಥ ಬ್ಯಾಂಕಿನಲ್ಲಿ. ಅವರಿಗೆ ಸೇರದಿದ್ದರೆ ಇಂಥ ತಾರೀಖಿನೊಳಗೆ ಹಣ ನಿಮ್ಮ ಖಾತೆಗೆ ವಾಪಸು ಬರುತ್ತದೆ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವಿದೆ.’ ಬ್ಯಾಂಕು ಹಣ ತೆಗೆದಿದ್ದೇನೆಂದು ಉತ್ತರಿಸಿದ ಕ್ಷಣದಿಂದ ಈ ಮಾಹಿತಿ ಸ್ವಿಚ್ಚಿನಲ್ಲಿ ಇದ್ದೇ ಇರುತ್ತದೆ. ಅದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಕೊಡುವವರ ಫೋನಿನಲ್ಲಿ ಮಾತ್ರವಲ್ಲ, ಮಾರುವವರ ಫೋನಿನಲ್ಲೂ ತೋರಿಸಬೇಕು. ಸೌಂಡ್ ಬಾಕ್ಸ್ ಹಣ ಬಂತು ಎಂದು ಕೂಗುವ ಹಾಗೆಯೇ ‘60 ರೂಪಾಯಿ ದಾರಿಯಲ್ಲಿದೆ, ಇನ್ನೂ ಸೇರಿಲ್ಲ’ ಎಂದೂ ಕೂಗಬೇಕು.